ಯಜಮಾನ ಕೂರುವ ಹಾಗಿಲ್ಲ

ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದ ಮಿಲೊಯ್ಕೊ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬರುವ ಹೊತ್ತಿಗೆ ತಾನು ಯಾಕೆ ಗಡ್ಡ ತೆಗೆಯುತ್ತಿದ್ದೇನೆ ಎಂದು ಹೊಳೆದು ಕೈ ತಡೆದ. ಹೋಗುವುದಿಲ್ಲ ಎಂದು ನಿನ್ನೆಯೇ ತೀರ್ಮಾನವಾಗಿತ್ತು. ಹೋಗದವನಿಗೆ ನುಣ್ಣನೆಯ ಮುಖ ಯಾತಕ್ಕೆ? ಆದರೆ ಒಂದು ಕೆನ್ನೆ ಬೋಳಾಗಿ ಇನ್ನೊಂದು ಕೆನ್ನೆ ಪೊದೆಯಾಗಿರುವ ಮನುಷ್ಯ ಸ್ವಂತ ಹಂದಿಗಳ ಎದುರಿಗೂ ಸುಳಿಯುವಂತಿಲ್ಲವಾದ್ದರಿಂದ ಅವನು ಬಲಗೆನ್ನೆಯನ್ನೂ ಮುಗಿಸಿದ. ಮುಗಿಸುವಾಗ ಗದ್ದದ ಹತ್ತಿರ ಕೊಯ್ದುಕೊಂಡ. ರಕ್ತ ಒರೆಸಿಕೊಳ್ಳುತ್ತ ಕಿಟಕಿಯತ್ತ ನೋಡಲೇಬಾರದು ಎಂದುಕೊಂಡು ನೋಡಿದ. ರಸ್ತೆಯಾಚೆ ತಿಹೊಮಿರನ ಗೇಟು ಬಾಗಿಲು ಹಾರುಹೊಡೆದು ತೆರೆದಿತ್ತು. ಗೇಟಿನ ಎರಡು ಕಂಬಗಳ ಮೇಲೆ ಎರಡು ಸಿಮೆಂಟಿನ ಸಿಂಹಗಳು. ಎಡಗಡೆಯದಕ್ಕೆ ತಲೆ ಇತ್ತು. ಬಲಗಡೆಯದು ಎಂಟು ವಾರಗಳಿಂದ ತಲೆಯಿಲ್ಲದೆಯೇ ಮನೆ ಕಾಯುತ್ತಿತ್ತು, ಮೊದಲಿಗಿಂತ ಕಡಿಮೆಯಾಗಿಯೇನೂ ಅಲ್ಲ.

ಇವತ್ತು ಸಂತ ಲೂಕನ ದಿನ. ಲೂಕ ತಿಹೊಮಿರನ ಮನೆದೇವರು. ಮನೆದೇವರ ದಿನಕ್ಕೆ, ಅಂದರೆ ಸ್ಲಾವಕ್ಕೆ, ಈ ಊರಿನಲ್ಲಿ ಯಾರನ್ನೂ ಯಾರೂ ಕರೆಯುವುದಿಲ್ಲ. ಒಮ್ಮೆ ಬಂದವನು ಪ್ರತಿ ವರ್ಷ ಬರುತ್ತಾನೆ, ಅಷ್ಟೆ. ಬರದಿದ್ದರೆ ಸತ್ತಿದ್ದಾನೆ ಅಂತಲೋ ಜಗಳವಾಗಿದೆ ಅಂತಲೋ ಅರ್ಥ. ಮಿಲೊಯ್ಕೊ ಮೂವತ್ತನಾಲ್ಕು ವರ್ಷ ತಪ್ಪದೆ ಹೋಗಿದ್ದ. ಒಂದು ವರ್ಷ ಜ್ವರದಲ್ಲಿ ಹೋಗಿದ್ದ, ಒಂದು ವರ್ಷ ಸ್ವಂತ ಅತ್ತೆಯನ್ನು ಮಣ್ಣು ಮಾಡಿದ ಮಾರನೆಯ ದಿನ ಹೋಗಿ, ನಗಬಾರದು ಎಂದು ನೆನಪಿಟ್ಟುಕೊಂಡು ನಾಲ್ಕು ಸಲ ನಕ್ಕಿದ್ದ. ಯಾರಾದರೂ ಒಂದು ಮಾತು ಕರೆದಿದ್ದರೆ ಬರುವುದಿಲ್ಲ ಎನ್ನಬಹುದಿತ್ತು. ಕರೆಯದವರಿಗೆ ಬರುವುದಿಲ್ಲ ಎಂದು ಹೇಳುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ ಅವನನ್ನು ಕೊರೆಯುತ್ತಿದ್ದುದು ಇನ್ನೊಂದು. ಸ್ಲಾವದ ದಿನ ಮನೆಯ ಯಜಮಾನ ಕೂರುವ ಹಾಗಿಲ್ಲ. ಬೆಳಿಗ್ಗೆ ಮೇಣದ ದೀಪ ಹಚ್ಚಿದಾಗಿನಿಂದ ಕೊನೆಯ ಅತಿಥಿ ಏಳುವವರೆಗೆ ಬಾಟಲಿ ಹಿಡಿದು ಮೇಜಿನ ಸುತ್ತ ನಿಂತೇ ಇರಬೇಕು. ತಿಹೊಮಿರನ ಅಪ್ಪ ಹಾಗೇ ನಿಂತಿದ್ದ, ಅವನ ಅಪ್ಪನೂ. ತಿಹೊಮಿರನ ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಒಳಗೆ ತಗಡು, ಆರು ತಿರುಪುಮೊಳೆ. ಅವನು ಇವತ್ತು ಹೇಗೆ ನಿಲ್ಲುತ್ತಾನೆ?

ಕಾಲು ಮುರಿದ ಆ ದಿನ ಬಿಸಿಲಿತ್ತು. ಸೆಪ್ಟೆಂಬರ್ ಮೊದಲ ವಾರ, ಟ್ರೈಲರಿನ ಮೇಲೆ ಏಳು ಪೀಪಾಯಿ ಪ್ಲಮ್ ಹಣ್ಣು, ಕಣಜದ ಹುಳುಗಳು ಮದುವೆ ದಿಬ್ಬಣದ ಹಾಗೆ ಹಿಂದೆ. ಚರ್ಚಿನ ಏರು ಮುಗಿಯುವ ಕಡೆ ಮಿಲೊಯ್ಕೊ ಗೇರು ಬದಲಿಸಿದ. ಟ್ರ್ಯಾಕ್ಟರ್ ಒಮ್ಮೆಲೇ ಹಗುರಾಯಿತು. ಎಂಥ ಸುಖದ ಹಗುರ! ಇಂಜಿನ್ನಿಗೆ ವಯಸ್ಸು ಇಳಿಯಿತೇ ಎಂದು ಖುಷಿಪಟ್ಟಿದ್ದು ನೆನಪಾದರೆ ಅವನಿಗೆ ಈಗಲೂ ಕಿವಿ ಕಾದುಬರುತ್ತದೆ. ತಿರುಗಿ ನೋಡುವಾಗ ಟ್ರೈಲರ್ ತನ್ನಷ್ಟಕ್ಕೆ ತಾನೇ ಇಳಿಜಾರಿನಲ್ಲಿ ಹಿಂದಕ್ಕೆ ಹೊರಟಿತ್ತು, ಅವಸರವಿಲ್ಲದೆ, ಮನೆಗೆ ಮರಳುವ ಎಮ್ಮೆಯ ಹಾಗೆ. ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತು ಮೆಣಸಿನಕಾಯಿ ಪೋಣಿಸುತ್ತಿದ್ದ ತಿಹೊಮಿರ ತಲೆಯೆತ್ತಿ ನೋಡಿದ. ಎದ್ದ. ಎದ್ದಿದ್ದೇ ತಪ್ಪಾಯಿತೋ ಎದ್ದಿದ್ದರಿಂದಲೇ ಉಳಿದನೋ, ಅದನ್ನು ಪೊಲೀಸರೂ ಹೇಳಲಿಲ್ಲ. ಮೊದಲು ಸಿಂಹದ ತಲೆ ಬಿತ್ತು. ಆಮೇಲೆ ಪೀಪಾಯಿಗಳು. ಇಡೀ ರಸ್ತೆ ಪ್ಲಮ್ ರಸದಲ್ಲಿ ನೆನೆದು, ಓಡಿ ಬಂದವರೆಲ್ಲ ಅದನ್ನು ರಕ್ತ ಎಂದುಕೊಂಡು ಕಿರುಚಿದರು. ರಕ್ತ ಅಷ್ಟೇನೂ ಬಂದಿರಲಿಲ್ಲ. ಸದ್ದು ಮಾತ್ರ ಬಂದಿತ್ತು, ಒಣ ಕೊಂಬೆಯದು. ಇವತ್ತಿಗೂ ಹೆಂಡತಿ ದೆಸಾಂಕಾ ಒಲೆಗೆ ಸೌದೆ ಮುರಿದರೆ ಅವನು ಎದ್ದು ಹಿತ್ತಿಲಿಗೆ ಹೋಗುತ್ತಾನೆ.

ವಿಮೆ ಇರಲಿಲ್ಲವೇ ಎಂದರೆ ಇತ್ತು. ಪಟ್ಟಣದ ವಿಮಾ ಕಚೇರಿಯ ಗಾಜಿನ ಹಿಂದೆ ಕೂತ ಹೆಂಗಸು ಪ್ರತಿ ವಸಂತದಲ್ಲಿ ಕೇಳುತ್ತಾಳೆ, "ಟ್ರೈಲರ್ ಇದೆಯಾ?" ಪ್ರತಿ ವಸಂತದಲ್ಲಿ ಮಿಲೊಯ್ಕೊ ಹೇಳುತ್ತಾನೆ, "ಇಲ್ಲಮ್ಮ." ಟ್ರೈಲರಿಗೆ ಬೇರೆ ನೋಂದಣಿ, ಬೇರೆ ವಿಮೆ, ಬೇರೆ ಸರದಿ. ಅವನೊಬ್ಬನೇ ಅಲ್ಲ, ಎಲ್ಲರೂ ಹಾಗೇ ಹೇಳುತ್ತಿದ್ದರು. ಕಾಗದದ ಪ್ರಕಾರ ಆ ಊರಿನಲ್ಲಿ ಎಪ್ಪತ್ತು ಟ್ರ್ಯಾಕ್ಟರುಗಳಿದ್ದವು, ಟ್ರೈಲರ್ ಒಂದೂ ಇರಲಿಲ್ಲ. ಸೌದೆ, ಆಲೂಗಡ್ಡೆ, ಪ್ಲಮ್ ಎಲ್ಲವೂ ಹೊಲದಿಂದ ತಾವೇ ನಡೆದುಕೊಂಡು ಬರುತ್ತಿದ್ದವು. ಹೀಗಾಗಿ ಕಂಪನಿಯವರು ಬರೆದ ಪತ್ರದಲ್ಲಿ ಇದ್ದದ್ದು ಇಷ್ಟೇ: ತಿಹೊಮಿರನ ಕಾಲನ್ನು ಮುರಿದದ್ದು ತಮ್ಮಲ್ಲಿ ವಿಮೆಯಾದ ವಾಹನವಲ್ಲ, ನಷ್ಟವನ್ನು ಮಾಲೀಕನಿಂದಲೇ ಖುದ್ದಾಗಿ ವಸೂಲು ಮಾಡಿಕೊಳ್ಳಬಹುದು. ಮಿಲೊಯ್ಕೊ ಆ ಪತ್ರವನ್ನು ಸಕ್ಕರೆ ಡಬ್ಬಿಯ ಕೆಳಗೆ ಇಟ್ಟಿದ್ದ. ಅವನ ಹೆಸರಿನಲ್ಲಿ ವಸೂಲಿಗೆ ಸಿಗುವಂಥದ್ದು ಒಂದೇ, ಗುಡ್ಡದ ಮೇಲಿನ ಪ್ಲಮ್ ತೋಟ. ಅಜ್ಜ ನೆಟ್ಟ ಮರಗಳು ಅದರಲ್ಲಿ ಇನ್ನೂ ಹನ್ನೊಂದಿದ್ದವು. ತಿಹೊಮಿರನ ಅಳಿಯ ನೆನಾದ್ ಪಟ್ಟಣದಲ್ಲಿ ವಕೀಲ. ಮಾವ ದಾವೆಯ ಕಾಗದಕ್ಕೆ ಒಂದು ಸಹಿ ಹಾಕಿದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಅವನು ಅಂಗಡಿಯಲ್ಲಿ ಹೇಳಿದ್ದನ್ನು ಅಂಗಡಿಯವಳು ದೆಸಾಂಕಾಳಿಗೆ ಹಿಟ್ಟಿನ ಜೊತೆ ಕಟ್ಟಿಕೊಟ್ಟಿದ್ದಳು. ಸಹಿ ಇವತ್ತು ಬೀಳುತ್ತದಂತೆ, ಹಬ್ಬಕ್ಕೆ ಬಂದಾಗ.

ಇಷ್ಟೂ ಎಲ್ಲರಿಗೆ ಗೊತ್ತಿದ್ದ ಸಂಗತಿ. ಯಾರಿಗೂ ಗೊತ್ತಿಲ್ಲದ್ದು ಅವನ ಹಬ್ಬದ ಕೋಟಿನ ಜೇಬಿನಲ್ಲಿತ್ತು: ಬೆರಳುದ್ದದ ಒಂದು ಕಬ್ಬಿಣದ ತುಂಡು. ಟ್ರೈಲರಿನ ಕೊಂಡಿಯ ಪಿನ್ನು ಎಲ್ಲಿ ಎಂದು ಪೊಲೀಸ್ ಕೇಳಿದಾಗ ಬಿದ್ದುಹೋಯಿತು ಎಂದಿದ್ದ. ಅರ್ಧ ಬಿದ್ದುಹೋಗಿದ್ದು ನಿಜ, ಉಳಿದರ್ಧ ಇದು. ಅಸಲು ಪಿನ್ನು ಆಗಸ್ಟಿನಲ್ಲೇ ಕಳೆದಿತ್ತು. ಆ ಜಾಗಕ್ಕೆ ಅವನು ಹಂದಿ ಸುಡುವ ಒಂದು ಹಳೆಯ ಕಂಬಿಯ ಬಾಲವನ್ನು ಗರಗಸದಿಂದ ಕೊಯ್ದು ತೂರಿಸಿ ತಂತಿ ಬಿಗಿದಿದ್ದ. ಆ ಕಂಬಿ ತಿಹೊಮಿರನದು. ಎರಡು ವರ್ಷದ ಹಿಂದೆ ಮಗನ ಮದುವೆಗೆ ಕೇಳಿ ತಂದದ್ದು. ಮದುವೆಯಲ್ಲಿ ಅದು ಸ್ವಲ್ಪ ಬಾಗಿತು, ನೆಟ್ಟಗೆ ಮಾಡಿ ಕೊಡೋಣ ಎಂದು ಕೊಟ್ಟಿಗೆಗೆ ಒರಗಿಸಿದ, ಒರಗಿಸಿದ್ದು ಎರಡು ಚಳಿಗಾಲ ಕಳೆದು ತನ್ನದೇ ಎಂಬಂತೆ ಕಾಣತೊಡಗಿತ್ತು. ಎಂಟು ವಾರದಲ್ಲಿ ಅವನು ಆ ತುಂಡನ್ನು ಎಸೆಯಲು ಮೂರು ಸಲ ಹೊಳೆಯವರೆಗೆ ಹೋಗಿ ಬಂದಿದ್ದ. ರಸ್ತೆ ದಾಟಿ ಎದುರು ಮನೆಗೆ ಒಂದು ಸಲವೂ ಹೋಗಿರಲಿಲ್ಲ. ಆಸ್ಪತ್ರೆಗೆ ದೆಸಾಂಕಾ ಹೋದಳು. ಗಿಣ್ಣಿನ ಕಡುಬು ದೆಸಾಂಕಾ ಕೊಟ್ಟುಬಂದಳು. ಅವನು ಬೇಲಿಯ ಸಂದಿನಿಂದ ಊರುಗೋಲಿನ ಸದ್ದನ್ನು ಎಣಿಸುತ್ತಿದ್ದ.

"ಅಂಗಿ ಇಸ್ತ್ರಿ ಮಾಡಿ ಕುರ್ಚಿ ಮೇಲೆ ಹಾಕಿದೀನಿ," ಎಂದಳು ದೆಸಾಂಕಾ, ಅಡುಗೆಮನೆಯಿಂದ.

"ಯಾಕೆ? ನಾನು ಎಲ್ಲೂ ಹೋಗ್ತಿಲ್ಲವಲ್ಲ."

"ಗೊತ್ತು. ಸುಮ್ಮನೆ ಮಾಡಿದೆ. ಗಡ್ಡ ಸುಮ್ಮನೆ ತೆಗೆದ್ಯಲ್ಲ, ಹಾಗೆ."

"ನೀನು ಹೋಗಿ ಬಾ. ನನಗೆ ಸೊಂಟ ನೋವು ಅನ್ನು."

"ಅವನು ಕಾಲು ಮುರ್ಕೊಂಡು ಕೂತಿದಾನೆ, ಅವನ ಹತ್ರ ಹೋಗಿ ನನ್ನ ಗಂಡನಿಗೆ ಸೊಂಟ ನೋವು ಅನ್ಲಾ?" ಬಾಗಿಲಿಗೆ ಬಂದು ನಿಂತಳು, ಕೈತುಂಬ ಹಿಟ್ಟು. "ಹೋಗಪ್ಪಾ. ತೋಟ ಹೋಗೋದಿದ್ರೆ ಇಲ್ಲಿ ಕೂತಿದ್ರೂ ಹೋಗತ್ತೆ. ಅಲ್ಲಿ ಹೋದ್ರೆ ಊಟನಾದ್ರೂ ಸಿಗತ್ತೆ. ನಾನಿವತ್ತು ಏನೂ ಮಾಡಿಲ್ಲ."

ಹಿಟ್ಟು ಯಾಕೆ ಹಾಗಾದರೆ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಹೀಗೆ ಮಿಲೊಯ್ಕೊ ಊಟದ ನೆಪದಲ್ಲಿ ಕಾಫಿಪುಡಿಯ ಪೊಟ್ಟಣವನ್ನೂ ಒಂದು ಬಾಟಲಿ ವೈನನ್ನೂ ಹಿಡಿದು ರಸ್ತೆಗಿಳಿದ. ಇಪ್ಪತ್ತಮೂರು ಹೆಜ್ಜೆಯ ದಾರಿ. ಹತ್ತನೆಯ ಹೆಜ್ಜೆಯ ಹತ್ತಿರ ಟಾರಿನ ಮೇಲೆ ಪ್ಲಮ್ಮಿನ ಕಲೆ ಇನ್ನೂ ಇತ್ತು. ಅವನು ಅದನ್ನು ತುಳಿಯದೆ ಬಳಸಿ ನಡೆದ. ಹೋಗುವುದು ಬೇಡಲಿಕ್ಕೋ? ಸಹಿಯ ದಿನವೇ ಹೋಗಿ ಅವರ ಉಪ್ಪು ತಿಂದು ಕುಳಿತರೆ ಬೇಡಿದ ಹಾಗಲ್ಲವೇ? ನಾಳೆ ಹೋಗಿದ್ದರೆ? ನಾಳೆ ಹೋದರೆ ಬೈಯಲು ಹೋದ ಹಾಗೆ. ನಿನ್ನೆ, ಮೊನ್ನೆ, ಕಳೆದ ವಾರ, ಆ ಐವತ್ತೈದು ದಿನಗಳಲ್ಲಿ ಯಾವತ್ತು ಹೋಗಿದ್ದರೂ ಸುಮ್ಮನೆ ಹೋದ ಹಾಗೆ ಆಗುತ್ತಿತ್ತು. ಅಷ್ಟು ದಿನ ಬಿಟ್ಟು ಇವತ್ತನ್ನೇ ಉಳಿಸಿಕೊಂಡ ತನ್ನ ಜಾಣತನಕ್ಕೆ ಅವನಿಗೇ ತಲೆದೂಗುವ ಹಾಗಾಯಿತು. ತಲೆಯಿಲ್ಲದ ಸಿಂಹದ ಕೆಳಗೆ ವುಕಾದಿನ್ ಸಿಗರೇಟು ಸೇದುತ್ತ ನಿಂತಿದ್ದ. ಊರಿನ ಸಮಸ್ತ ಹಬ್ಬಗಳಿಗೂ ಮೊದಲು ಬಂದು ಕೊನೆಗೆ ಏಳುವವನು.

"ಓಹೋ, ಮಿಲೊಯ್ಕೊ! ನಡ್ಕೊಂಡು ಬಂದ್ಯಾ?" ಎಂದ ವುಕಾದಿನ್, ರಸ್ತೆಯ ಮೇಲೂ ಕೆಳಗೂ ನೋಡುತ್ತ. "ಒಳ್ಳೇದಾಯ್ತು. ಒಳಗೆ ಜನ ಧೈರ್ಯವಾಗಿ ಕೂತಿದಾರೆ."

"ಯಾರ್ಯಾರಿದಾರೆ?"

"ಎಲ್ರೂ ಇದಾರೆ. ನಿನ್ನ ಜಾಗ ಖಾಲಿ ಇಟ್ಟಿದಾರೆ. ಆ ಕುರ್ಚಿ ನೋಡ್ಕೊಂಡೇ ಬೆಳಿಗ್ಗೆಯಿಂದ ಎಲ್ರೂ ತಿಂತಾ ಇದೀವಿ. ಬಾ, ಸಿಂಹಕ್ಕೆ ನಮಸ್ಕಾರ ಹಾಕು, ಪಾಪ, ಅದು ನಿನ್ನ ಗುರುತು ಹಿಡಿಯೋ ಸ್ಥಿತೀಲಿಲ್ಲ."

ಒಳಗೆ ಬಿಸಿ. ಹುಳಿ ಎಲೆಕೋಸಿನ ಸುರುಳಿಗಳ ವಾಸನೆ, ಮೇಣದ ವಾಸನೆ, ಒದ್ದೆ ಉಣ್ಣೆಯ ವಾಸನೆ. ಅವನು ಹೊಸಿಲು ದಾಟುತ್ತಿದ್ದಂತೆ ಉದ್ದನೆಯ ಮೇಜಿನ ಮಾತು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ದೀಪ ಆರಿಸಿದ ಹಾಗೆ ಆರುತ್ತ ಹೋಯಿತು. ತಿಹೊಮಿರನ ಹೆಂಡತಿ ಸ್ತಾನಿಕಾ ಸಿಹಿ ಗೋಧಿಯ ತಟ್ಟೆ ಹಿಡಿದು ಎದುರು ಬಂದಳು. ಬಂದವನು ಶಿಲುಬೆಯ ಗುರುತು ಮಾಡಿ ಒಂದು ಚಮಚ ಗೋಧಿ ತಿನ್ನಬೇಕು. ತಿಂದ ಮೇಲೆ ಅವನು ಈ ಮನೆಯ ಅತಿಥಿ. ಅವಳು ಅವನ ಮುಖ ನೋಡಲಿಲ್ಲ, ಗದ್ದದ ಗಾಯ ನೋಡಿದಳು. ಮಿಲೊಯ್ಕೊ ಗಾಬರಿಯಲ್ಲಿ ಎಷ್ಟು ದೊಡ್ಡ ಚಮಚ ತುಂಬಿಕೊಂಡನೆಂದರೆ ಬಾಯಿ ಮುಚ್ಚಲಾಗಲಿಲ್ಲ. ಮನೆದೇವರು ಒಳ್ಳೆಯದು ಮಾಡಲಿ ಯಜಮಾನ ಎಂದು ಹೇಳಬೇಕಾದ ಗಳಿಗೆಯಲ್ಲಿ ಅವನು ಇಪ್ಪತ್ತು ಜನರ ಎದುರಿಗೆ ಗೋಧಿ ಅಗಿಯುತ್ತ ನಿಂತಿದ್ದ. ಯಾರೋ ಕೆಮ್ಮಿದರು. ಗೋಧಿ ಮುಗಿಯಲೇ ಇಲ್ಲ.

"ನಿಧಾನ," ಎಂದ ತಿಹೊಮಿರ. "ಎಂಟು ವಾರ ಕಾದಿದೀನಿ, ಇನ್ನೊಂದು ತುತ್ತು ಕಾಯ್ತೀನಿ."

ಅವನು ಮೇಜಿನ ತುದಿಯಲ್ಲಿ ನಿಂತಿದ್ದ. ನಿಂತೇ ಇದ್ದ. ಎರಡು ಕಂಕುಳಲ್ಲಿ ಎರಡು ಊರುಗೋಲು, ಹೊಸ ಕೋಟು, ಬಲಗಾಲಿಗೆ ಷರಾಯಿಯನ್ನು ಮಂಡಿಯವರೆಗೆ ಕೊಯ್ದು ಅಂಚು ಹೊಲಿದಿದ್ದರು. ಬಲಗೈಯ ಎರಡು ಬೆರಳಲ್ಲಿ ರಾಕಿಯಾ ಎಂಬ ಪ್ಲಮ್ ಸಾರಾಯಿಯ ಬಾಟಲಿಯ ಕತ್ತು. ಅವನು ಊರುಗೋಲು ಎತ್ತಿ ಇಟ್ಟ, ಬಾಟಲಿ ತುಳುಕಿತು, ಮತ್ತೆ ಎತ್ತಿ ಇಟ್ಟ. ಹಣೆಯ ಮೇಲೆ ಬೆವರು ಮಣಿಗಟ್ಟಿತ್ತು. ಮೇಜಿನ ಇಪ್ಪತ್ತು ಜನವೂ ಮುಂದಿನ ಹೆಜ್ಜೆಯನ್ನು ತಮ್ಮ ತಮ್ಮ ಕಾಲಿನಲ್ಲಿ ಇಡುತ್ತಿರುವಂತೆ ಮುಖ ಬಿಗಿಹಿಡಿದು ನೋಡುತ್ತಿದ್ದರು. ಮಿಲೊಯ್ಕೊನ ಮುಂದೆ ಪುಟ್ಟ ಲೋಟ ಬಂತು. ಬಾಟಲಿಯ ಬಾಯಿ ಲೋಟದ ಅಂಚಿಗೆ ಹಲ್ಲು ಕಡಿದ ಹಾಗೆ ಟಕಟಕ ತಾಗಿತು. ಅರ್ಧ ಲೋಟಕ್ಕೆ, ಅರ್ಧ ಅವನ ಇಸ್ತ್ರಿಯ ತೋಳಿಗೆ.

"ಮನೆದೇವರು ಒಳ್ಳೇದು ಮಾಡ್ಲಿ, ಯಜಮಾನ," ಎಂದ ಮಿಲೊಯ್ಕೊ, ಕೊನೆಗೂ.

"ಮಾಡಿದಾನಲ್ಲ. ಲೂಕ ವೈದ್ಯ, ನಂಗೊತ್ತು. ನಮ್ಮನೆ ದೇವರು ವೈದ್ಯ ಅಂತ ಗೊತ್ತಿದ್ದೇ ನೀನು ಅವನಿಗೆ ಕೆಲಸ ಕೊಟ್ಟೆ. ಕೂತ್ಕೋ."

ಖಾಲಿ ಕುರ್ಚಿ ನೆನಾದನ ಪಕ್ಕದಲ್ಲಿತ್ತು. ನೆನಾದ್ ಸಭ್ಯ ಹುಡುಗ, ತೆಳು ಕನ್ನಡಕ, ಕುರ್ಚಿಯನ್ನು ಎಳೆದೂ ಕೊಟ್ಟ. ಅವನ ಹಿಂದಿನ ಬೀರುವಿನ ಮೇಲೆ ಬಿಳಿ ಕಾಗದಗಳ ಒಂದು ಕಟ್ಟಿತ್ತು. ಗಾಳಿಗೆ ಹಾರದಿರಲೆಂದು ಅದರ ಮೇಲೊಂದು ಭಾರ ಇಟ್ಟಿದ್ದರು. ಮಿಲೊಯ್ಕೊ ಕೂರಲು ಬಾಗಿದವನು ಅದನ್ನು ನೋಡಿ ಹಾಗೇ ನಿಂತ. ಬೆರಳುದ್ದದ ಕಬ್ಬಿಣ. ಒಂದು ತುದಿ ಗರಗಸದ ಗೆರೆ ಬಿದ್ದು ನುಣುಪು, ಇನ್ನೊಂದು ತುದಿ ಮುರಿದು ಮುಳ್ಳುಮುಳ್ಳು. ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಅವನದು ಅಲ್ಲೇ ಇತ್ತು. ಹಾಗಾದರೆ ಎರಡನೆಯ ಅರ್ಧ ಬಿದ್ದುಹೋಗಿದ್ದಲ್ಲ, ಬಿದ್ದ ಕಡೆಯಿಂದ ಯಾರೋ ಎತ್ತಿಕೊಂಡಿದ್ದರು. ತನ್ನ ಕೊಟ್ಟಿಗೆಯ ಕಂಬಿಯನ್ನು ಎಲ್ಲಿ ಕಂಡರೂ ಗುರುತು ಹಿಡಿಯುವ ಯಾರೋ.

"ಮಿಲೊಯ್ಕೊ ಮಾಮ, ಕೂತ್ಕೊಳಿ," ಎಂದ ನೆನಾದ್ ಮೆಲ್ಲಗೆ. "ಹಬ್ಬದ ದಿನ ಆ ಮಾತು ಬೇಡ ಅಂತಾನೇ ನಾನೂ ಅಂದೆ. ಊಟ ಆದ್ಮೇಲೆ ಮಾವ ಒಂದು ಸಹಿ ಹಾಕ್ತಾರೆ, ಅಷ್ಟೆ. ನಿಮ್ಮ ಮೇಲೆ ಸಿಟ್ಟಿಲ್ಲ. ಕಾನೂನು ಇರೋದು ಹಾಗೆ."

"ನಿಂತ್ಕೋತೀನಿ ಬಿಡಪ್ಪ."

"ಏಯ್, ಅತಿಥಿ ನಿಂತ್ರೆ ಮನೆಗೆ ಒಳ್ಳೇದಲ್ಲ," ಎಂದಳು ಸ್ತಾನಿಕಾ, ಅವನ ಗಾಯದ ಹತ್ತಿರ ನೋಡುತ್ತ.

"ಅವನು ನಿಂತಿದಾನಲ್ಲ ಅತ್ತಿಗೆ. ಅವನು ಕೂತ್ರೆ ನಾನೂ ಕೂರ್ತೀನಿ."

"ಯಜಮಾನ ಕೂರೋ ಹಾಗಿಲ್ಲ," ಎಂದ ತಿಹೊಮಿರ.

ಇಬ್ಬರೂ ನಿಂತರು. ಮೇಜಿನ ಮೇಲೆ ಸುರುಳಿಗಳ ಆವಿ ಏಳುತ್ತಿತ್ತು. ಮಿಲೊಯ್ಕೊಗೆ ಯಾವತ್ತೋ ಹೀಗೇ ನಿಂತದ್ದು ನೆನಪಾಯಿತು, ಇಬ್ಬರಿಗೂ ಹದಿಮೂರೋ ಹದಿನಾಲ್ಕೋ, ಶಾಲೆಯ ಅಂಗಳದಲ್ಲಿ ಗಾಜು ಒಡೆದವರು ಯಾರು ಎಂದು ಮೇಷ್ಟರು ಕೇಳುತ್ತಿದ್ದರು. ಒಡೆದದ್ದು ಮಿಲೊಯ್ಕೊ. ಅವನು ಮುಂದಕ್ಕೆ ಹೆಜ್ಜೆಯಿಡಲು ಕಾಲಿಗೆ ಹೇಳುತ್ತಲೇ ಇದ್ದ, ಕಾಲು ಕೇಳುತ್ತಿರಲಿಲ್ಲ. ತಿಹೊಮಿರ ಪಕ್ಕದಲ್ಲಿ ನಿಂತು ಏನೂ ಹೇಳದೆ ಅವನು ಹೆಜ್ಜೆಯಿಡುವುದನ್ನೇ ಕಾಯುತ್ತಿದ್ದ. ಆ ಸಾಯಂಕಾಲ ಇಬ್ಬರಿಗೂ ಪೆಟ್ಟು ಬಿತ್ತು. ಆಮೇಲೆ ಆ ವಿಷಯವನ್ನು ತಿಹೊಮಿರ ಎತ್ತಿರಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ಮಿಲೊಯ್ಕೊಗೆ ಈಗ, ನಲವತ್ತೇಳು ವರ್ಷದ ಮೇಲೆ, ಕೋಟಿನ ಜೇಬಿನೊಳಗೆ ಕಬ್ಬಿಣ ಬೆಚ್ಚಗಾಗುತ್ತಿರುವಾಗ, ಅನಿಸಿತು. ಊರುಗೋಲೊಂದು ಜಾರಿತು. ತಿಹೊಮಿರ ವಾಲಿದ. ಕುರ್ಚಿಗಳು ಕಿರುಗುಟ್ಟಿದವು, ಎಲ್ಲರೂ ಏಳುವ ಮೊದಲೇ ಮಿಲೊಯ್ಕೊ ಅವನ ತೋಳು ಹಿಡಿದಿದ್ದ. ಬಾಟಲಿ ಹೇಗೋ ಮಿಲೊಯ್ಕೊನ ಕೈಗೆ ಬಂದಿತ್ತು.

ತಿಹೊಮಿರ ಬಾಟಲಿಯನ್ನು ನೋಡಿದ. ಹಿಂದಕ್ಕೆ ಕೇಳಲಿಲ್ಲ.

"ನನ್ನ ಕಾಲು ತಗೊಂಡಿದೀಯ," ಎಂದ, ಉಸಿರು ಹಿಡಿದು. "ನಿನ್ನವು ಎರಡಿವೆ. ನಿಲ್ಲು."

"ಅಂದ್ರೆ?"

"ಅಂದ್ರೇನು ಅಂದ್ರೆ? ಜನ ಒಣಗಿ ಕೂತಿದಾರೆ. ಸುರಿ."

ಅವನು ಹೋಗಿ ಮಿಲೊಯ್ಕೊನ ಖಾಲಿ ಕುರ್ಚಿಯಲ್ಲಿ ಕೂತ. ಕಾಲು ಚಾಚಿದ. ತನ್ನ ಮನೆದೇವರ ದಿನ ತನ್ನದೇ ಮೇಜಿನ ಬಳಿ ಹೀಗೆ ಕೂತದ್ದು ಹುಡುಗನಾಗಿದ್ದ ಕಾಲದ ನಂತರ ಇದೇ ಮೊದಲಿರಬೇಕು. ಮೇಜು ಅಲ್ಲಿಂದ ಹೇಗೆ ಕಾಣುತ್ತದೆಂದು ಸುತ್ತ ನೋಡಿದ. ಆಮೇಲೆ ವುಕಾದಿನ್ ಲೋಟ ಮುಂದೆ ಚಾಚಿ, "ಇಲ್ಲಿ ತುಂಬ್ಸು ಮಿಲೊಯ್ಕೊ, ಹ್ಯಾಂಡ್ ಬ್ರೇಕ್ ಹಾಕ್ಕೊಂಡು," ಎಂದ. ಮೇಜು ಪೂರ್ತಿ ನಕ್ಕಿತು. ನೆನಾದ್ ಕನ್ನಡಕ ತೆಗೆದು ಒರೆಸಿದ.

ಮಿಲೊಯ್ಕೊ ಸುರಿದ. ಮೇಜಿನ ಸುತ್ತ ಎಷ್ಟು ಸುತ್ತು ಹಾಕಿದ ಎಂಬ ಲೆಕ್ಕ ಮೂರನೆಯ ಪಾಳಿಯ ಅತಿಥಿಗಳು ಬರುವ ಹೊತ್ತಿಗೆ ತಪ್ಪಿತು. ಬಂದವರೆಲ್ಲ ಹೊಸಿಲಲ್ಲಿ ನಿಂತು ಅವನನ್ನು ನೋಡಿ, ಕೂತ ತಿಹೊಮಿರನನ್ನು ನೋಡಿ, ತಪ್ಪು ಮನೆಗೆ ಬಂದೆವೇನೋ ಎಂಬಂತೆ ಹಿಂದಕ್ಕೆ ಗೇಟಿನತ್ತ ನೋಡಿ, ಸಿಂಹದ ತಲೆ ಇಲ್ಲದ್ದು ಕಂಡು ಖಾತ್ರಿಯಾಗಿ ಒಳಗೆ ಬಂದರು. ತಿಹೊಮಿರನಿಗೆ ಕೂರುವುದು ಹಿಡಿಸಿತು. "ರೊಟ್ಟಿ ಆಯ್ತು ಅಲ್ಲಿ," ಎನ್ನುತ್ತಿದ್ದ. "ಉಪ್ಪು ಕೊಡು. ನನ್ನ ಲೋಟ ಯಾಕೆ ಖಾಲಿ? ಇದೇನು ಮನೆ ಮಾರಾಯ, ಯಜಮಾನನಿಗೆ ಅತಿಥಿಗಳ ಮೇಲೆ ಲಕ್ಷ್ಯವೇ ಇಲ್ಲ!" ಮಿಲೊಯ್ಕೊನ ಹೊಸ ಬೂಟು ಹಿಮ್ಮಡಿ ಕಚ್ಚಿತು. ಪ್ರತಿ ಸುತ್ತಿಗೂ ಬೀರುವಿನ ಹತ್ತಿರ ಬಂದಾಗ ಬಿಳಿ ಕಾಗದ, ಅದರ ಮೇಲೆ ಕಬ್ಬಿಣ. ಪ್ರತಿ ಸುತ್ತಿಗೂ ಜೇಬಿನ ತುಂಡು ತೊಡೆಗೆ ಬಡಿಯುತ್ತಿತ್ತು. ಒಂದು ಸಲ ಅದು ಮೇಜಿನ ಮೂಲೆಗೆ ತಾಗಿ ಠಣ್ ಎಂದಿತು. ತಿಹೊಮಿರ ಅಗಿಯುವುದನ್ನು ನಿಲ್ಲಿಸಿ ಜೇಬನ್ನೇ ನೋಡಿದ, ಮತ್ತೆ ಅಗಿಯತೊಡಗಿದ.

ಹೊರಗೆ ಬೆಳಕು ತೆಳುವಾಗುವ ಹೊತ್ತಿಗೆ ಜನ ಎದ್ದರು. ವುಕಾದಿನ್ ಕೂಡ ಎದ್ದ, ಸ್ತಾನಿಕಾ ಎರಡು ಸಲ ಮೇಜುಬಟ್ಟೆ ಕೊಡವಿದ ಮೇಲೆ. ಮೇಣದ ದೀಪ ಕೊನೆಯ ಬೆರಳಷ್ಟಿತ್ತು. ನೆನಾದ್ ಬೀರುವಿನ ಹತ್ತಿರ ಹೋಗಿ, ಕಬ್ಬಿಣವನ್ನು ಪಕ್ಕಕ್ಕಿಟ್ಟು, ಕಾಗದಗಳನ್ನು ಮಾವನ ಮುಂದೆ ತಂದು ಪೆನ್ನು ಬಿಚ್ಚಿದ.

ಮಿಲೊಯ್ಕೊ ಜೇಬಿನಿಂದ ತನ್ನ ತುಂಡನ್ನು ತೆಗೆದು ಮೇಜಿನ ಮೇಲೆ ಇಟ್ಟ. ಅದು ಸ್ವಲ್ಪ ಉರುಳಿ ಉಪ್ಪಿನ ಬಟ್ಟಲಿಗೆ ತಾಗಿ ನಿಂತಿತು.

"ಕೊಂಡಿಗೆ ಹಾಕಿದ್ದು ಇದು. ಪಿನ್ನಲ್ಲ. ನಿನ್ನ ಕಂಬಿ ಕೊಯ್ದು ಹಾಕಿದ್ದೆ," ಎಂದ. "ಪೊಲೀಸಿಗೆ ಸುಳ್ಳು ಹೇಳಿದೆ."

ನೆನಾದನ ಪೆನ್ನು ಗಾಳಿಯಲ್ಲೇ ನಿಂತಿತು. "ಮಾವ, ಇದು ದೊಡ್ಡ ವಿಷಯ. ಇದನ್ನ ಬರವಣಿಗೆಯಲ್ಲಿ ಸೇರಿಸ್ಬೇಕು."

"ನಂಗೆ ಅವತ್ತೇ ಗೊತ್ತು," ಎಂದ ತಿಹೊಮಿರ. "ಬೆಂಚಿನ ಹತ್ರ ಬಿದ್ದಿದ್ದೆ, ಮೂಗಿನ ಮುಂದೆ ಬಿದ್ದಿತ್ತು. ನೋವಿಗಿಂತ ಮೊದಲು ಬಂದಿದ್ದು ಅದೇ ಯೋಚನೆ. ಅಯ್ಯೋ, ಇದು ನನ್ನ ಕಂಬಿ ಅಲ್ವಾ ಅಂತ." ಉಪ್ಪಿನ ಬಟ್ಟಲಿಗೆ ಒರಗಿದ್ದ ತುಂಡನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದ. "ಕಾಲು ಹೋಗ್ಲಿ. ಕಬ್ಬಿಣಾನೂ ಹೋಗ್ಲಿ. ಎಂಟು ವಾರ ಆ ಕಿಟಕೀಲಿ ಕೂತು ನಿನ್ನ ಗೇಟು ನೋಡಿದೀನಿ ಕಣೋ. ದೆಸಾಂಕಾ ಬರ್ತಾಳೆ, ಕಡುಬು ಬರತ್ತೆ, ನಾಯಿನೂ ಬಂತು ಒಂದಿನ. ನೀನು ಬೇಲಿ ಹಿಂದೆ. ನಿನ್ನ ಟೋಪಿ ಕಾಣ್ತಿತ್ತು ನನಗೆ."

ಟೋಪಿ ಕಾಣುತ್ತದೆಂದು ಮಿಲೊಯ್ಕೊಗೆ ಹೊಳೆದೇ ಇರಲಿಲ್ಲ.

"ಸಹಿ, ಮಾವ," ಎಂದ ನೆನಾದ್.

"ಮಾರ್ಚಿನಲ್ಲಿ ತಗಡು ತೆಗೀತಾರೆ. ಆಗ ನಡೆಯೋಕೆ ಬರತ್ತೋ ಇಲ್ವೋ ನೋಡಿ ಆಮೇಲೆ. ಅಲ್ಲಿವರೆಗೂ ಸೌದೆ ಯಾರು ಒಡೀತಾರೆ, ಹಂದಿ ಯಾರು ನೋಡ್ತಾರೆ, ಕೋರ್ಟು ನೋಡತ್ತಾ?" ಕಾಗದಗಳನ್ನು ಸರಿಸಿ ಜೋಡಿಸಿ, ಮಿಲೊಯ್ಕೊನ ಕೈಗೆ ಕೊಟ್ಟ. "ಅಲ್ಲೇ ಇಡು. ಭಾರ ಇಡೋದು ಮರೀಬೇಡ."

ಮಿಲೊಯ್ಕೊ ಕಾಗದವನ್ನು ಬೀರುವಿನ ಮೇಲೆ ಇಟ್ಟ. ಅದರ ಮೇಲೆ ತಿಹೊಮಿರನ ಅರ್ಧ, ಪಕ್ಕದಲ್ಲಿ ತನ್ನ ಅರ್ಧ. ಹರಿದುಹಾಕಲಿಲ್ಲವಲ್ಲ ಎಂದು ಒಂದು ಕಡೆ ಅಳುಕು, ಸಹಿ ಬೀಳಲಿಲ್ಲವಲ್ಲ ಎಂದು ಇನ್ನೊಂದು ಕಡೆ ಹಗುರ. ಆದರೆ ಹಗುರವೆಂದರೆ ಅವನಿಗೆ ಈಗ ಭಯ, ಕೂಡಲೇ ಹಿಂದೆ ತಿರುಗಿ ನೋಡಿದ. ತಿಹೊಮಿರ ವೈನಿನಲ್ಲಿ ಬೆರಳದ್ದಿ ದೀಪ ಆರಿಸುತ್ತಿದ್ದ.

"ಹೋಗ್ಬರ್ತೀನಿ ಹಾಗಾದ್ರೆ," ಎಂದ ಮಿಲೊಯ್ಕೊ.

ಸ್ತಾನಿಕಾ ಬಾಗಿಲವರೆಗೆ ಬಂದಳು, ಈ ಸಲ ಮುಖವನ್ನೇ ನೋಡಿದಳು. ಅವನು ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತು ಬೂಟು ಬಿಚ್ಚಿದ. ಹಿಮ್ಮಡಿಯಲ್ಲಿ ಪ್ಲಮ್ಮಿನಷ್ಟು ದೊಡ್ಡ ಬೊಬ್ಬೆ. ಬೆಳಗಿನಿಂದ ಇದೇ ಮೊದಲ ಸಲ ಕೂತದ್ದು. ಆಚೆ ತನ್ನ ಮನೆಯ ಕಿಟಕಿಯಲ್ಲಿ ದೆಸಾಂಕಾಳ ನೆರಳು ಅಲುಗಾಡಿತು. ಅವನ ಬೇಲಿ ಇಲ್ಲಿಂದ ನಿಜಕ್ಕೂ ಬಹಳ ಗಿಡ್ಡವಾಗಿತ್ತು. ಬೆನ್ನ ಹಿಂದೆ ಕಿಟಕಿ ತೆರೆದ ಸದ್ದಾಯಿತು, ತಿಹೊಮಿರ ಕೂಗಿದ.

"ಮಿಲೊಯ್ಕೊ! ಇನ್ನೂ ಅಲ್ಲೇ ಇದೀಯಾ?"

"ಇದೀನಿ."

"ಹಬ್ಬ ಎರಡು ದಿನದ್ದು. ನೆನಪಿದೆ ತಾನೆ?"

"ನೆನಪಿದೆ."

"ಬೆಳಿಗ್ಗೆ ಎಂಟಕ್ಕೆ ಬಾ. ಹಳೇ ಬೂಟು ಹಾಕ್ಕೊಂಡು ಬಾ."